ಸರಸಂಬಾದವಳ ಐದು ಸಜ್ಜೆ ರೊಟ್ಟಿ

ಆ ನೀಲಿ ಡ್ರಮ್ಮಿನ ವಾಸನೆ ಇವತ್ತಿಗೂ ನನ್ನ ಮೂಗಿನಿಂದ ಹೋಗಿಲ್ಲ. ಆಳಂದದ ಬಸ್ ನಿಲ್ದಾಣದ ಹತ್ತಿರ ಇಪ್ಪತ್ತೆರಡು ವರ್ಷದಿಂದ ಖಾನಾವಳಿ ನಡೆಸುತ್ತಿದ್ದೇನೆ. ಹಳಸಿದ ಅನ್ನ, ಕಮಟು ಎಣ್ಣೆ, ಹುಳಿ ಬಂದ ಬೇಳೆ, ಯಾವುದೂ ನನಗೆ ಹೊಸದಲ್ಲ. ಆದರೆ ನಾಲ್ಕು ಹೋಟೆಲುಗಳಲ್ಲಿ ಮಿಕ್ಕ ಸಾಂಬಾರು, ಯಾರದೋ ಮದುವೆಯ ಪನೀರು, ಜೀರಾ ರೈಸು, ಅದರ ಮೇಲೊಂದಿಷ್ಟು ಜಾಮೂನಿನ ಪಾಕ, ಎಲ್ಲವನ್ನೂ ಒಂದೇ ಡ್ರಮ್ಮಿಗೆ ಸುರಿದು, ಮುಚ್ಚಳ ಬಿಗಿದು, ಬಿಸಿಲಲ್ಲಿ ನಿಲ್ಲಿಸಿದರೆ ಬರುವ ವಾಸನೆಯೇ ಬೇರೆ. ಮುಚ್ಚಳ ತೆಗೆದ ಕೂಡಲೇ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಪಕ್ಕದಲ್ಲಿದ್ದ ನಮ್ಮ ಸಮಿತಿಯ ಅಧ್ಯಕ್ಷರು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ, ಬಡವರಿಗೆ ಇದೂ ಅಮೃತ ಎಂದರು.

ಇದರೊಳಗೆ ನಾನು ಹೇಗೆ ಹೋಗಿ ಸಿಕ್ಕಿಕೊಂಡೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಾನೇನೋ ದೂರ ನಿಂತು ಬೈಯುತ್ತಿದ್ದೇನೆ ಅನ್ನಿಸೀತು. ನಮ್ಮೂರ ಸರ್ಕಾರಿ ದವಾಖಾನೆಯಲ್ಲಿ ಮಲಗಿದವರಿಗೆ ಊಟದ ವ್ಯವಸ್ಥೆ ಇರುತ್ತದೆ. ಅವರ ಜೊತೆ ಬಂದು ಕೂತವರಿಗೆ ಯಾರು ಹಾಕಬೇಕು? ಹಳ್ಳಿಯಿಂದ ಕಟ್ಟಿಕೊಂಡು ಬಂದ ಕಡಕ್ ರೊಟ್ಟಿ ಎಂಟು ದಿನ ಇದ್ದೀತು, ಪಲ್ಯ ಅವತ್ತೇ ಮುಗಿಯುತ್ತದೆ. ಆಮೇಲೆ ದವಾಖಾನೆಯ ಅಂಗಳದ ಬೇವಿನ ಮರದ ಕೆಳಗೆ ಕೂತು ಚುರುಮುರಿ ತಿಂದು ನೀರು ಕುಡಿಯುವುದೇ. ಕೆಲವರು ಡಬ್ಬಿ ಹಿಡಿದು ನನ್ನ ಖಾನಾವಳಿಗೆ ಬಂದು, ರೊಟ್ಟಿ ಅದಾವ್ರಿ, ಬರೇ ಬ್ಯಾಳಿ ಕೊಡ್ತೀರೇನು ಎಂದು ಕೇಳುತ್ತಿದ್ದರು. ಕೇಳಲು ಬಾಯಿ ಬಾರದವರು ಇನ್ನೆಷ್ಟು ಮಂದಿಯೋ. ಹಾಗಾಗಿ ನಾನೂ, ನನ್ನಲ್ಲಿ ರೊಟ್ಟಿ ಬಡಿಯುವ ಹೆಂಗಸೂ ಸೇರಿ ದಿನಾ ಮಧ್ಯಾಹ್ನ ಒಂದು ಪಾತೇಲಿ ತೊಗರಿಬೇಳೆ ಒಯ್ದು, ಆ ಮರದ ಕೆಳಗಿಟ್ಟು ಬಡಿಸಿ ಬರುತ್ತಿದ್ದೆವು. ಆರು ತಿಂಗಳು ಹೀಗೇ ನಡೆಯಿತು. ಯಾರೂ ಫೋಟೊ ತೆಗೆಯಲಿಲ್ಲ.

ಆಮೇಲೆ ಅಧ್ಯಕ್ಷರು ಬಂದರು. ಆಗಿನ್ನೂ ಅವರು ಅಧ್ಯಕ್ಷರಾಗಿರಲಿಲ್ಲ. ಮೇಲೆ ಲಾಡ್ಜು, ಕೆಳಗೆ ಹೋಟೆಲು ಇಟ್ಟುಕೊಂಡ ಸಾಹುಕಾರರಷ್ಟೇ. ಅಕ್ಕಾರ ಅಕ್ಕಾರ ಎನ್ನುತ್ತ ನನ್ನ ಬೆಂಚಿನ ಮೇಲೆ ಕೂತು ಒಂದು ತಾಸು ಮಾತಾಡಿದರು. ಊರಿನ ಹೋಟೆಲು, ಖಾನಾವಳಿ ಎಲ್ಲ ಒಂದಾಗಬೇಕು, ಒಂದು ಸಮಿತಿ ಆಗಬೇಕು, ಒಂದು ಗಾಡಿ ಇರಬೇಕು; ಮೊದಲು ಆಳಂದ, ಆಮೇಲೆ ಅಫಜಲಪುರ, ಆಮೇಲೆ ಜೇವರ್ಗಿ. ಕೇಳಿದರೆ ತಪ್ಪೇನೂ ಕಾಣಲಿಲ್ಲ. ಎಲ್ಲರೂ ದಿನಕ್ಕೊಂದು ಪಾತೇಲಿ ಬೇಳೆ ಹೆಚ್ಚಿಗೆ ಕುದಿಸಿದರೆ ಸಾಕು, ಆ ಮರದ ಕೆಳಗೆ ಯಾರೂ ಉಪವಾಸ ಕೂರುವುದಿಲ್ಲ ಎಂದೆ. ಸಮಿತಿಯಾಯಿತು, ಅವರು ಅಧ್ಯಕ್ಷರಾದರು, ಹೋಟೆಲಿನವರೆಲ್ಲರೂ ನನ್ನ ಮಾತಿಗೆ ತಲೆಯಾಡಿಸಿದರು. ಹೆಚ್ಚಿಗೆ ಕುದಿಸಿದವರು ಒಬ್ಬರೂ ಇಲ್ಲ. ಬಂದದ್ದು ಆ ಡ್ರಮ್ಮು. ಅದರೊಳಗೆ ಸೌಟು ಇಳಿಸಿದರೆ ಯಾರೋ ಹಿಂಡಿ ಬಿಟ್ಟ ನಿಂಬೆ ಹೋಳು, ಯಾರೋ ಅರ್ಧ ಕಚ್ಚಿದ ಮೆಣಸಿನಕಾಯಿ ಮೇಲೆ ಬಂದವು. ಥೂ, ಎಂಜಲು. ನಮ್ಮ ಕಡೆ ದನಕ್ಕೆ ಹಾಕುವಾಗಲೂ ಮುಸುರೆಯನ್ನು ಒಮ್ಮೆ ನೋಡಿ ಹಾಕುತ್ತಾರೆ.

ನಾನು ಆ ಡ್ರಮ್ಮನ್ನು ಒದ್ದು ಚರಂಡಿಗೆ ಉರುಳಿಸಿ ಬರಬೇಕಿತ್ತು. ಉರುಳಿಸಲಿಲ್ಲ. ಅಧ್ಯಕ್ಷರನ್ನು ಪಕ್ಕಕ್ಕೆ ಕರೆದು ಹೇಳಿದೆ. ಭಾಳ ಒಳಹೊಕ್ಕು ನೋಡಬ್ಯಾಡ್ರಿ ಅಕ್ಕಾರ, ಶುರುವಿನಾಗ ಹಂಗೇ ಎಂದರು. ಮುಂದಿನ ವಾರ ಒಂದು ಕಾರ್ಯಕ್ರಮ ಇಟ್ಟು ನನ್ನನ್ನು ವೇದಿಕೆ ಮೇಲೆ ಕೂರಿಸಿ, ಶಾಲು ಹೊದಿಸಿ, ಅನ್ನಪೂರ್ಣೆ ಎಂದು ಕರೆದರು. ಖರೇ ಹೇಳುತ್ತೇನೆ, ಹಿತವಾಯಿತು. ಇಪ್ಪತ್ತೆರಡು ವರ್ಷ ಒಲೆಯ ಮುಂದೆ ಬೆಂದವಳಿಗೆ ಕುರ್ಚಿ ಹಾಕಿ ಕೂರಿಸಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಆ ಶಾಲಿಗೇ ನನ್ನ ಬಾಯಿ ಮುಚ್ಚಿತು. ಅಂದಿನಿಂದ ನಮ್ಮ ನಡುವೆ ಒಂದು ನಾಚಿಕೆಗೇಡಿನ ಒಪ್ಪಂದವಾಯಿತು, ಬಾಯಿಬಿಟ್ಟು ಯಾರೂ ಆಡದ ಒಪ್ಪಂದ. ಡ್ರಮ್ಮು ಗಾಡಿಯಿಂದ ಇಳಿಯುವುದು, ಹೋಟೆಲಿನವರು ಅದರ ಸುತ್ತ ನಿಂತು ಫೋಟೊ ತೆಗೆಸಿಕೊಳ್ಳುವುದು. ಆಮೇಲೆ ನಾನು ನನ್ನ ಪಾತೇಲಿಯಿಂದ ಬಡಿಸುವುದು. ನನ್ನ ಬೇಳೆ ತೀರಿದ ದಿನ ಹಿಂದಿನ ಸಾಲಿನವರಿಗೆ ಡ್ರಮ್ಮಿನಿಂದಲೇ ಬಡಿಸಿದ್ದೂ ಉಂಟು. ಬಡಿಸಿದ ಕೈ ನನ್ನದೇ.

ಸರಸಂಬಾ ಹಳ್ಳಿಯ ಮುದುಕಿ, ಆ ಸರಸಂಬಾದವಳು, ನಮ್ಮ ಸಾಲಿಗೆ ಬಂದ ದಿನ ಜೇವರ್ಗಿಯಿಂದಲೂ ಅಫಜಲಪುರದಿಂದಲೂ ಹೋಟೆಲಿನವರು ನೋಡಲು ಬಂದಿದ್ದರು. ಹಳದಿ ಟೀ ಶರ್ಟು, ಎರಡು ಕಂಬಕ್ಕೆ ಕಟ್ಟಿದ ಬ್ಯಾನರು. ಬ್ಯಾನರಿನಲ್ಲಿ ಅಧ್ಯಕ್ಷರ ಮುಖ ಹಿಟ್ಟು ನಾದುವ ಪರಾತದಷ್ಟು ದೊಡ್ಡದು, ಅದರ ಕೆಳಗೆ ಉಳಿದವರ ಮುಖಗಳು ಅವರವರ ಹೋಟೆಲಿನ ಅಳತೆಗೆ ತಕ್ಕಂತೆ. ಮೈಕಿನಲ್ಲಿ ಒಬ್ಬರು, ಇದು ಭಿಕ್ಷೆ ಅಲ್ಲ, ಇದು ದಾಸೋಹ, ಶರಣರ ನಾಡಿನ ದಾಸೋಹ ಎಂದು ಕೂಗಿ ಕೂಗಿ ಹೇಳುತ್ತಿದ್ದರು. ಆ ಮಾತನ್ನು ನಂಬಿದವಳು ಅಷ್ಟೂ ಮಂದಿಯಲ್ಲಿ ಅವಳೊಬ್ಬಳೇ.

ನಮ್ಮ ಕಡೆ ಮಠದ ದಾಸೋಹಕ್ಕೆ ಹೋಗುವವರು ಬರಿಗೈಯಲ್ಲಿ ಹೋಗುವುದಿಲ್ಲ. ಬಾಗಿಲಲ್ಲಿ ಚೀಲ ಇರುತ್ತದೆ, ಅದಕ್ಕೊಂದು ಹಿಡಿ ಜೋಳ ಹಾಕುತ್ತಾರೆ. ಇಲ್ಲವೇ ಮನೆಯಿಂದ ತಂದ ನಾಲ್ಕು ರೊಟ್ಟಿಯನ್ನು ಅಲ್ಲಿಯ ಬುಟ್ಟಿಗೆ ಇಟ್ಟು ಆಮೇಲೆ ಪಂಕ್ತಿಯಲ್ಲಿ ಕೂರುತ್ತಾರೆ. ಕೊಟ್ಟವರು ಯಾರು, ಉಂಡವರು ಯಾರು ಎಂದು ಅಲ್ಲಿ ಲೆಕ್ಕವೇ ಇಲ್ಲ. ಅವಳು ಮಗಳ ಹೆರಿಗೆಗೆಂದು ಬಂದವಳು. ಹೊಟ್ಟೆ ಕೊಯ್ದು ಕೂಸನ್ನು ತೆಗೆದಿದ್ದರು, ದವಾಖಾನೆಯಲ್ಲಿ ಅದು ಆರನೆಯ ದಿನ. ಊರಲ್ಲಿ ನಾಲ್ಕು ಎಕರೆ ತೊಗರಿ ಇದೆ, ಬಿಸಿ ಬೇಳೆ ಒಯ್ದುಕೊಡುವ ಕೈಯೊಂದು ಆಳಂದದಲ್ಲಿ ಇರಲಿಲ್ಲ, ಅಷ್ಟೇ. ಸಾಲಿನಲ್ಲಿ ನನ್ನ ಮುಂದೆ ಬಂದಾಗ ತಟ್ಟೆ ಚಾಚಲಿಲ್ಲ. ಕೆಂಪು ಚೌಕಳಿ ವಸ್ತ್ರದ ಒಂದು ಗಂಟು ಚಾಚಿದಳು. ಬಾಣಂತಿಗೆಂದು ಮಾಡಿ ತಂದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಐದು.

"ಇವ್ನ ಬುಟ್ಟಿಗಿ ಹಾಕ್ರಿ ಅಕ್ಕಾರ. ದಾಸೋಹ ಅಂದ್ರಲ್ರಿ, ಬರಿಗೈಲೆ ಹೆಂಗ ಉಣ್ಣೋದು."

ನಮ್ಮಲ್ಲಿ ಬುಟ್ಟಿಯೇ ಇರಲಿಲ್ಲ. ಕೊಡುವವರು ಬಂದಾರು ಎಂದು ಯಾರಿಗೆ ಹೊಳೆದಿತ್ತು? ಅಷ್ಟರಲ್ಲಿ ಫೋಟೊದವನು, ಆ ಗಂಟು ತಗಸ್ರಿ ಅಕ್ಕಾರ, ಫ್ರೇಮಿನಾಗ ಚಂದ ಕಾಣಂಗಿಲ್ಲ ಎಂದ. ಹಿಂದಿನಿಂದ ಅಧ್ಯಕ್ಷರು, ಜಲ್ದಿ ಜಲ್ದಿ ಎಂದರು. ನಾನು ಎಡಗೈಯಿಂದ ಗಂಟನ್ನು ಎಳೆದುಕೊಂಡೆ. ಅವಳು ಒಂದು ಕ್ಷಣ ಬಿಡಲಿಲ್ಲ, ನನ್ನ ಮುಖ ನೋಡಿದಳು, ಆಮೇಲೆ ಬಿಟ್ಟಳು. ಎರಡೂ ಕೈ ಮುಂದ ಮಾಡು ಆಯಿ, ತಲಿ ಸ್ವಲ್ಪ ಬಗ್ಗಸು ಎಂದು ಫೋಟೊದವನು ಹೇಳಿದ. ಅವಳು ಹಾಗೇ ಮಾಡಿದಳು. ನಾನು ಸೌಟು ಎತ್ತಿ ಹಿಡಿದು ನಕ್ಕೆ. ಯಾವೂರು ಎಂದು ಅವನೇ ಕೇಳಿದ್ದಕ್ಕೆ, ಊರು ಕೇಳಿದರೆ ಹೇಳುವುದು ಮರ್ಯಾದೆ ಎಂದು ಊರನ್ನೂ ಹೇಳಿದಳು.

ಕಾರ್ಯಕ್ರಮ ಮುಗಿದು ಜೇವರ್ಗಿಯವರಿಗೂ ಅಫಜಲಪುರದವರಿಗೂ ಅಧ್ಯಕ್ಷರ ಹೋಟೆಲಿನಲ್ಲಿ ಊಟ, ಡ್ರಮ್ಮಿನದಲ್ಲ, ಬಿಸಿಬಿಸಿ. ನಾನು ಖಾನಾವಳಿಗೆ ಬಂದೆ. ಗಂಟು ಪಾತೇಲಿಯ ಜೊತೆ ನನ್ನ ಹಿಂದೆಯೇ ಬಂದದ್ದು ನನಗೆ ನೆನಪೇ ಇಲ್ಲ. ಮರುದಿನ ಮಧ್ಯಾಹ್ನ, ದಿನಾ ಉಣ್ಣುವ ಗಿರಾಕಿಯೊಬ್ಬರು ಕೈತೊಳೆಯುತ್ತ, ಸಜ್ಜಿ ರೊಟ್ಟಿ ಯಾವಾಗಿಂದ ಮಾಡಾಕತ್ತೀರಿ, ಭಾಳ ಛಲೋ ಅದಾವ, ಇನ್ನೆರಡು ಕಟ್ಟಿಕೊಡ್ರಿ ಎಂದರು. ನಾವು ಸಜ್ಜೆ ರೊಟ್ಟಿ ಮಾಡುವುದೇ ಇಲ್ಲ. ಒಳಗೆ ಹೋಗಿ ನೋಡಿದರೆ ರೊಟ್ಟಿ ಬುಟ್ಟಿಯ ಪಕ್ಕದಲ್ಲಿ ಆ ಕೆಂಪು ವಸ್ತ್ರ ಬಿದ್ದಿತ್ತು. ರೊಟ್ಟಿ ಬಡಿಯುವವಳು ಯಾರೋ ಕೊಟ್ಟದ್ದಿರಬೇಕೆಂದು ಬುಟ್ಟಿಗೆ ಹಾಕಿದ್ದಳು. ಬಾಣಂತಿಯ ರೊಟ್ಟಿಯನ್ನು ನನ್ನ ಖಾನಾವಳಿ ಮಾರಿಕೊಂಡಿತ್ತು. ಡ್ರಮ್ಮಿನವರನ್ನು ಬೈಯಲು ನನಗೆ ಯಾವ ಬಾಯಿ ಉಳಿಯಿತು? ಆವತ್ತು ನನ್ನ ಕೈ ನನಗೇ ಹೇಸಿಗೆಯಾಯಿತು. ಆದರೂ ಎದ್ದು ದವಾಖಾನೆಗೆ ಹೋಗಿ ಅವಳನ್ನು ಕಾಣಲಿಲ್ಲ. ವಸ್ತ್ರವನ್ನು ಒಗೆದು ಹಗ್ಗಕ್ಕೆ ಹಾಕಿದೆ, ಅಷ್ಟೇ ನನ್ನ ಯೋಗ್ಯತೆ.

ಮೂರನೆಯ ದಿನ ಅವಳೇ ಬಂದಳು. ಗಿರಾಕಿಗಳು ಹೋಗುವವರೆಗೆ ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ಒಳಗೆ ಕರೆದರೆ ಬಂದಳು. ನೀರು ಕೊಟ್ಟರೆ ಮುಟ್ಟಲಿಲ್ಲ. ಕೂಗಾಡುತ್ತಾಳೆ ಎಂದುಕೊಂಡಿದ್ದೆ, ಕೂಗಾಡಿದ್ದರೆ ನನಗೆ ಸುಲಭವಿತ್ತು. ಮೆಲ್ಲಗೆ ಹೇಳಿದಳು. ಮಗಳನ್ನು ಕೊಟ್ಟದ್ದು ಚೌಡಾಪುರಕ್ಕೆ. ಆ ಫೋಟೊ ಫೋನಿನಿಂದ ಫೋನಿಗೆ ಹಾರಿ ಬೀಗರ ಮನೆ ಮುಟ್ಟಿದೆ. ಕೆಳಗೆ ಬರೆದದ್ದು, ಸರಸಂಬಾದ ನಿರ್ಗತಿಕ ವೃದ್ಧೆಗೆ ಅನ್ನದಾಸೋಹ ಎಂದು. ಚೊಚ್ಚಲ ಹೆರಿಗೆ ತವರಿನವರ ಪಾಲು. ಬಾಣಂತಿಯ ಔಷಧ, ಊಟ, ನೋಡಲು ಬಂದ ಬೀಗರಿಗೆ ಬಡಿಸುವುದು, ತೊಟ್ಟಿಲು, ಎಲ್ಲ ತವರಿನ ಮರ್ಯಾದೆ. ಆ ಮರ್ಯಾದೆ ಹೊತ್ತವಳು ಎಲ್ಲರೆದುರು ಕೈಚಾಚಿ ನಿಂತದ್ದನ್ನು ಬೀಗತಿ ನೋಡಿದ್ದಾಳೆ. ನೋಡಿ ಹೇಳಿ ಕಳಿಸಿದ್ದಾಳೆ: ಬೇಡಿ ಉಣ್ಣೋರ ಮನಿಗಿ ಬಂದು ನಾವು ತೊಟ್ಟಿಲ ತೂಗಂಗಿಲ್ಲ, ಸೊಸಿನೂ ಕೂಸೂ ಅಲ್ಲೇ ಇರ್ಲಿ. ಮಗಳು ಅತ್ತು ಅತ್ತು, ಕೂಸಿಗೆ ಮೊಲೆ ಕೊಡಲೂ ಮನಸ್ಸಿಲ್ಲದೆ ಗೋಡೆ ಕಡೆ ತಿರುಗಿ ಮಲಗಿದ್ದಾಳೆ.

"ನಾ ಏನೂ ಬೇಡಂಗಿಲ್ರಿ ಅಕ್ಕಾರ. ನೀವು ಬಂದು, ಈಕಿ ಬರಿಗೈಲೆ ಬಂದಿದ್ದಿಲ್ಲ ಅಂತ ಅಷ್ಟು ಹೇಳ್ರಿ."

ರೊಟ್ಟಿ ಏನಾಯಿತೆಂದು ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ. ನನಗೆ ಬಂದ ಧೈರ್ಯವೆಂದರೆ ಅಧ್ಯಕ್ಷರಿಗೆ ಫೋನು ಹಚ್ಚುವಷ್ಟು ಮಾತ್ರ. ಅವರು ಭಾರೀ ಖುಷಿಯಲ್ಲಿದ್ದರು. ಫೋಟೊ ಎಲ್ಲ ಕಡೆ ಓಡುತ್ತಿದೆ, ಅಫಜಲಪುರದ ಶಾಖೆಯ ಉದ್ಘಾಟನೆಗೂ ಅದನ್ನೇ ಹಾಕಿಸಿದ್ದೇವೆ, ಈಗ ತೆಗೆಯಲು ಬರುವುದಿಲ್ಲ ಎಂದರು. ಬೇಕಾದರೆ ಮುದುಕಿಯನ್ನೂ ವೇದಿಕೆಗೆ ಕರೆದು ಒಂದು ಶಾಲು ಹೊದಿಸೋಣ ಎಂದರು. ನನಗೆ ಹೊದಿಸಿದ ಶಾಲು ಟ್ರಂಕಿನಲ್ಲಿತ್ತು. ಆ ಹೊತ್ತಿಗೇ ಅದನ್ನು ತೆಗೆದು ಒಲೆಯ ಪಾತ್ರೆ ಇಳಿಸುವ ಬಟ್ಟೆ ಮಾಡಿ ರೊಟ್ಟಿ ಬಡಿಯುವವಳ ಕೈಗೆ ಕೊಟ್ಟೆ. ದಪ್ಪ ಶಾಲು, ಅದಕ್ಕೆ ಛಲೋ ಇದೆ.

ಮರುದಿನ ಬೆಳಿಗ್ಗೆ ಸರಸಂಬಾದವಳೂ ನಾನೂ ಚೌಡಾಪುರಕ್ಕೆಂದು ಹೊರಟು ಕಲಬುರಗಿಗೆ ಹೋಗಿ, ಅಲ್ಲಿ ಅಫಜಲಪುರದ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಅವಳು ಕಿಟಕಿ ಕಡೆ, ನಾನು ಈ ಕಡೆ. ಚೌಡಾಪುರದಲ್ಲಿ ಇಳಿದರೆ ಎದುರಿಗೇ, ಚಹಾದಂಗಡಿಯ ಪಕ್ಕದ ಎರಡು ಕಂಬಗಳ ನಡುವೆ, ಒಂದು ಫ್ಲೆಕ್ಸು ಅಳುಕಿಲ್ಲದೆ ನೇತಾಡುತ್ತಿತ್ತು: ಅಫಜಲಪುರ ಶಾಖೆಯ ಉದ್ಘಾಟನೆಗೆ ಎಲ್ಲರಿಗೂ ಸ್ವಾಗತ. ನಡುವೆ ಆಳೆತ್ತರದ ಅವಳು, ತಲೆ ಬಗ್ಗಿಸಿ, ಎರಡೂ ಕೈ ಚಾಚಿಕೊಂಡು. ಪಕ್ಕದಲ್ಲಿ ಹಲ್ಲುಕಿರಿದು ನಿಂತ ನಾನು. ಬೀಗರ ಊರಿನ ಬಾಗಿಲಲ್ಲೇ ಅವಳನ್ನು ಕಟ್ಟಿಹಾಕಿದ್ದರು. ಅವಳು ಒಮ್ಮೆ ನೋಡಿ, ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಅದಕ್ಕೆ ಬೆನ್ನು ಮಾಡಿ ನಿಂತುಬಿಟ್ಟಳು.

ನನಗೆ ಮೈಯೆಲ್ಲ ಉರಿದುಹೋಯಿತು. ಚಹಾದಂಗಡಿಯವನಲ್ಲಿ ಚಾಕು ಕೇಳಿದೆ. ಏನ್ ಮಾಡ್ತೀರಿ ಎಂದ. ಇದರಾಗ ನಿಂತಾಕಿ ನಾನೇ, ನನ್ನ ಮಾರಿ ನಾ ಇಳಿಸ್ಕೋತೇನಿ ಎಂದೆ. ಬೆಂಚು ಎಳೆದು ಹತ್ತಿ ನಾಲ್ಕೂ ಹಗ್ಗ ಕೊಯ್ದೆ. ನೋಡಲು ಮಂದಿ ಕೂಡಿದರು, ಯಾರೂ ತಡೆಯಲಿಲ್ಲ. ಫ್ಲೆಕ್ಸು ದೊಪ್ಪನೆ ಮಣ್ಣಿಗೆ ಬಿತ್ತು. ಮಡಚಲು ಬಗ್ಗಿದಾಗ ಅದರ ಅಂಚು ಕಣ್ಣಿಗೆ ಬಿತ್ತು. ಫೋನಿಗೆ ಕಳಿಸಿದ ಫೋಟೊದಲ್ಲಿ ಅಂಚನ್ನು ಕತ್ತರಿಸಿದ್ದರು. ಇಲ್ಲಿ ಅಗಲ ಬೇಕಿತ್ತಲ್ಲ, ಪೂರ್ತಿ ಹಾಕಿದ್ದರು. ಹಸಿರು ಬಳೆಯ ಎಡಗೈಯೊಂದು ಬೆನ್ನ ಹಿಂದೆ ಅಡಗಿಸಿ ಹಿಡಿದ ಕೆಂಪು ಚೌಕಳಿ ಗಂಟು ಸ್ಪಷ್ಟವಾಗಿ ಕಾಣುತ್ತಿತ್ತು. ಕಳ್ಳತನ ಮಾಡುವಾಗ ಸಿಕ್ಕಿಬಿದ್ದವರ ಕೈ ಹಾಗೇ ಇರುತ್ತದೆ. ಫ್ಲೆಕ್ಸನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಬೀಗರ ಮನೆಗೆ ನಡೆದೆ.

ಬೀಗತಿ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಬರ್ರಿ ಅನ್ನಲಿಲ್ಲ. ನಾನೂ ಕಾಯಲಿಲ್ಲ, ಅಂಗಳದಲ್ಲೇ ಫ್ಲೆಕ್ಸು ಬಿಚ್ಚಿ ಹಾಸಿದೆ. ಆ ದಿನ ನಡೆದದ್ದನ್ನು ಹೇಳಿದೆ. ಬುಟ್ಟಿ ಇರಲಿಲ್ಲ ಎಂದೆ, ಗಂಟು ಕಸಿದುಕೊಂಡೆ ಎಂದೆ, ಕೈ ಚಾಚಿಸಿದವರು ನಾವು ಎಂದೆ. ಬೀಗತಿ ಫ್ಲೆಕ್ಸಿನ ಮೂಲೆಗೆ ಬಂದು, ಕಾಲ ಹೆಬ್ಬೆರಳಿನಿಂದ ಆ ಬಳೆಯ ಕೈಯನ್ನು ತೋರಿಸಿದಳು.

"ಈ ಕೈ ಯಾರದು?"

"ನನ್ನದ್ರಿ."

"ರೊಟ್ಟಿ ಏನಾದವು?"

ಆ ಪ್ರಶ್ನೆ ಬೀಗತಿ ಕೇಳದಿರಲಿ ಎಂದು ನಾನು ದಾರಿಯುದ್ದಕ್ಕೂ ಬೇಡಿಕೊಂಡಿದ್ದೆ. ಸರಸಂಬಾದವಳು ನನ್ನ ಪಕ್ಕದಲ್ಲೇ ನಿಂತಿದ್ದಳು. ನನ್ನ ಖಾನಾವಳಿಯಲ್ಲಿ ಗಿರಾಕಿಗಳಿಗೆ ಬಡಿಸಿ ಮಾರಿದೆವು ಎಂದು ಹೇಳಿದೆ. ಈಕೆ ನಮ್ಮ ಅನ್ನ ಉಂಡದ್ದಕ್ಕಿಂತ ನಾವು ಈಕೆಯ ಅನ್ನ ಉಂಡದ್ದೇ ಹೆಚ್ಚು ಎಂದೆ. ಹೇಳುವಾಗ ತಲೆ ಎತ್ತಲಾಗಲಿಲ್ಲ. ಸರಸಂಬಾದವಳು ಒಂದು ಉಸಿರು ಎಳೆದುಕೊಂಡದ್ದು ಕೇಳಿಸಿತು. ಬೀಗತಿ ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಾನು ಆ ಡ್ರಮ್ಮಿನೊಳಗೆ ನೋಡಿದ ಹಾಗೇ ನೋಡಿದಳು. ಆಮೇಲೆ ನನ್ನನ್ನು ಬಿಟ್ಟು ಅವಳ ಕಡೆ ತಿರುಗಿ, "ಬಿಸಲಾಗ ಯಾಕ ನಿಂತೀರಿ, ಒಳಗ ಬರ್ರಿ" ಎಂದಳು. ಇಬ್ಬರೂ ಒಳಗೆ ಹೋದರು. ನಾನು ಅಂಗಳದಲ್ಲೇ ಫ್ಲೆಕ್ಸು ಮಡಚುತ್ತ ಕೂತೆ. ಅದರ ಪ್ಲಾಸ್ಟಿಕ್ಕು ಬಿಸಿಲಿಗೆ ಕಾದು ನಾರುತ್ತಿತ್ತು.

ನಾನು ಸಮಿತಿ ಬಿಟ್ಟೆ. ಬಿಟ್ಟದ್ದರಿಂದ ಅವರಿಗೇನೂ ಕಡಿಮೆಯಾಗಿಲ್ಲ. ಜೇವರ್ಗಿಯಲ್ಲಿ ಶಾಖೆಯಾಗಿದೆ, ಅಲ್ಲೂ ಒಂದು ನೀಲಿ ಡ್ರಮ್ಮು ಹೋಗಿದೆ, ಹೊಸ ಅನ್ನಪೂರ್ಣೆಯೊಬ್ಬಳಿಗೆ ಶಾಲು ಸಿಕ್ಕಿದೆ. ಅವರ ಫೋಟೊಗಳು ಈಗಲೂ ನನ್ನ ಫೋನಿಗೆ ಬಂದು ಬೀಳುತ್ತವೆ, ನೋಡಿದರೆ ಬಾಯಿ ಕಹಿಯಾಗುತ್ತದೆ. ನಾನೂ ರೊಟ್ಟಿ ಬಡಿಯುವವಳೂ ಮೊದಲಿನಂತೆ ಪಾತೇಲಿ ಒಯ್ಯುತ್ತೇವೆ. ಒಂದು ಬುಟ್ಟಿಯನ್ನೂ ಒಯ್ಯುತ್ತೇವೆ. ಬಂದವರು ತಮ್ಮಲ್ಲಿದ್ದ ರೊಟ್ಟಿಯನ್ನೋ ಎರಡು ಉಳ್ಳಾಗಡ್ಡಿಯನ್ನೋ ಅದಕ್ಕೆ ಹಾಕಿ ಬೇಳೆ ಹಾಕಿಸಿಕೊಳ್ಳುತ್ತಾರೆ, ಏನೂ ಇಲ್ಲದವರು ಬುಟ್ಟಿಯಿಂದಲೇ ತೆಗೆದುಕೊಳ್ಳುತ್ತಾರೆ. ಬುಟ್ಟಿ ಒಂದು ದಿನವೂ ಖಾಲಿ ಬಂದಿಲ್ಲ. ಇಷ್ಟು ಸಣ್ಣ ಸಂಗತಿ ಇಪ್ಪತ್ತೆರಡು ವರ್ಷ ಉಣ್ಣಲು ಹಾಕಿದವಳಿಗೆ ತಿಳಿದಿರಲಿಲ್ಲ.

ಕೂಸಿನ ತೊಟ್ಟಿಲ ಕಾರ್ಯಕ್ಕೆ ಸರಸಂಬಾದವಳು ನನಗೂ ಹೇಳಿ ಕಳಿಸಿದ್ದಳು. ಯಾವ ಮುಖ ಹೊತ್ತು ಹೋಗಲಿ ಎಂದು ಎರಡು ದಿನ ಒದ್ದಾಡಿ, ಕೊನೆಗೆ ಅವಳ ಕೆಂಪು ವಸ್ತ್ರದಲ್ಲಿ ನಾನೇ ಬಡಿದ ಐದು ರೊಟ್ಟಿ ಕಟ್ಟಿಕೊಂಡು ಸರಸಂಬಾಕ್ಕೆ ಹೋದೆ. ಬೀಗರೆಲ್ಲ ಬಂದಿದ್ದರು. ಬೀಗತಿಯೇ ತೊಟ್ಟಿಲು ತೂಗುತ್ತಿದ್ದಳು. ಮಗಳು ಪಕ್ಕದಲ್ಲಿ ಕೂತು, ಕೂಸಿನ ಮುಷ್ಟಿ ಬಿಡಿಸಿ ಬಿಡಿಸಿ ನಗುತ್ತಿದ್ದಳು. ಸರಸಂಬಾದವಳು ನನ್ನ ಗಂಟು ಇಸಿದುಕೊಂಡು, ಎಲ್ಲರೆದುರು ಬಿಚ್ಚಿ, ರೊಟ್ಟಿಗಳನ್ನು ಮನೆಯ ಬುಟ್ಟಿಗೆ ಹಾಕಿದಳು. ನನ್ನನ್ನು ಪಂಕ್ತಿಯಲ್ಲಿ ಬೀಗತಿಯ ಪಕ್ಕಕ್ಕೇ ಕೂರಿಸಿದಳು.

ಬಡಿಸುತ್ತ ಬಂದವಳು ನನ್ನ ಮುಂದೆ ನಿಂತಳು, ಕೈಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಎರಡೂ ಕೈ ಚಾಚಿದೆ. ನನಗೆ ಅರಿವಿಲ್ಲದೆಯೇ ತಲೆ ಬಗ್ಗಿತು. ಅದೇ ಹೊತ್ತಿಗೆ ಅಳಿಯನ ತಂಗಿ ಎದುರಿನಿಂದ ಫೋನು ಎತ್ತಿ ನನ್ನ ಕಡೆ ಹಿಡಿದಳು. ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲೂ ಆಗಲಿಲ್ಲ.

ಸರಸಂಬಾದವಳು ತಿರುಗಿ ನೋಡಿದಳು.

"ಫೋನ್ ಇಳಸವ್ವಾ. ಅಕ್ಕಾರು ಉಣ್ಣಾಕತ್ಯಾರ."